ಸಬ್ಸಿಡಿ ಹೊಲಕ್ಕೆ ಬಂತು, ಜನ ಊರು ಬಿಟ್ಟರು

ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಸನ್‌ಫ್ಲವರ್ ಎಂಬ ಕೌಂಟಿ ಇದೆ. ಕೌಂಟಿ ಅಂದರೆ ನಮ್ಮ ಒಂದು ದೊಡ್ಡ ತಾಲ್ಲೂಕು ಎಂದುಕೊಳ್ಳಿ. ಡೆಲ್ಟಾ ಎಂದು ಕರೆಯುವ ಬಯಲಿನಲ್ಲಿದೆ ಅದು. ನೆಲ ಅಂಗೈಯಷ್ಟು ಸಪಾಟು. ಸಾವಿರಾರು ವರ್ಷ ನದಿಗಳು ತಂದು ಹಾಕಿದ ಮೆಕ್ಕಲು ಮಣ್ಣು. ಹತ್ತಿ, ಸೋಯಾ, ಭತ್ತ, ಮೆಕ್ಕೆಜೋಳ, ಏನು ಹಾಕಿದರೂ ಬರುತ್ತದೆ. 1933ರಿಂದ ಇವತ್ತಿನವರೆಗೆ ಸರ್ಕಾರದ ಬೆಳೆ ಸಹಾಯಧನ ಒಂದಲ್ಲ ಒಂದು ಹೆಸರಿನಲ್ಲಿ ಈ ಕಡೆಗೆ ಬರುತ್ತಲೇ ಇದೆ.

1930ರಲ್ಲಿ ಈ ಕೌಂಟಿಯಲ್ಲಿ 66 ಸಾವಿರ ಜನರಿದ್ದರು. 2020ರ ಜನಗಣತಿಯಲ್ಲಿ ಎಣಿಕೆ 26 ಸಾವಿರವನ್ನೂ ಮುಟ್ಟಲಿಲ್ಲ. ಅದರಲ್ಲಿ ಪಾರ್ಚ್‌ಮನ್ ಜೈಲಿನ ಕೈದಿಗಳೂ ಸೇರಿದ್ದಾರೆ. ಕೌಂಟಿಯ ನಾಲ್ವರಲ್ಲಿ ಸುಮಾರು ಮೂವರು ಕಪ್ಪು ಜನ. ಬಡತನ ಇಡೀ ದೇಶದ ಸರಾಸರಿಯ ಎರಡರಷ್ಟಕ್ಕೂ ಜಾಸ್ತಿ.

ಮಣ್ಣು ಒಳ್ಳೆಯದು, ನೀರಿಗೆ ಬರವಿಲ್ಲ, ಸರ್ಕಾರದ ದುಡ್ಡೂ ತಪ್ಪಿಲ್ಲ. ಆದರೂ ಜನ ಯಾಕೆ ಬಡವರು? ಊರು ಯಾಕೆ ಖಾಲಿಯಾಯಿತು? ಇದಕ್ಕೆ ಉತ್ತರ ಹುಡುಕುತ್ತಾ ಹೋದರೆ ಸಿಗುವ ಸಂಗತಿ ನಮಗೂ ಮುಖ್ಯವಾದದ್ದು. ಸರ್ಕಾರ "ರೈತನಿಗೆ" ಎಂದು ಕೊಡುವ ದುಡ್ಡು ಹೆಚ್ಚಾಗಿ ಹೊಲದ ಹಿಂದೆ ಹೋಗುತ್ತದೆ. ಹೊಲದಲ್ಲಿ ಬೆವರು ಸುರಿಸುವವನ ಹಿಂದೆ ಹೋಗುವುದು ಕಡಿಮೆ.

ಹತ್ತಿ ಉತ್ತು ಹಾಕಿದ ವರ್ಷ

ಶುರುವಾಗಿದ್ದು 1933ರಲ್ಲಿ. ಆರ್ಥಿಕ ಕುಸಿತದ ಕಾಲ. ಹತ್ತಿಯ ಬೆಲೆ ಬಿಡಿಸಿದ ಕೂಲಿಗೂ ಸಾಲದಷ್ಟು ಇಳಿದಿತ್ತು. ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರ ಕೃಷಿ ಹೊಂದಾಣಿಕೆ ಕಾಯಿದೆ ತಂದಿತು. ಲೆಕ್ಕ ಸುಲಭ: ಬೆಳೆ ಕಡಿಮೆ ಬಂದರೆ ಬೆಲೆ ಏರುತ್ತದೆ. ಹಾಗಾಗಿ ಬೆಳೆಯದಿರುವುದಕ್ಕೆ ರೈತರಿಗೆ ದುಡ್ಡು ಕೊಡುವುದು. ಕಾಯಿದೆ ಬರುವ ಹೊತ್ತಿಗೆ ಹತ್ತಿ ಬಿತ್ತನೆ ಮುಗಿದು ಹೋಗಿತ್ತು. ಹಾಗಾಗಿ ನಿಂತ ಬೆಳೆಯನ್ನೇ ಉತ್ತು ಹಾಕಿಸಿದರು. ಸುಮಾರು 1 ಕೋಟಿ ಎಕರೆ ಹತ್ತಿ ಮಣ್ಣುಪಾಲಾಯಿತು. ಬೆಳೆ ತುಳಿಯಬಾರದೆಂದು ಪಳಗಿಸಿದ್ದ ಹೇಸರಗತ್ತೆಗಳು ಸಾಲಿನ ಮೇಲೆ ಕಾಲಿಡಲು ಒಪ್ಪಲಿಲ್ಲ ಎಂದು ಆ ಕಾಲದವರು ಹೇಳುತ್ತಿದ್ದರು. ಓದುವಾಗ ಹೊಟ್ಟೆ ಉರಿಯುತ್ತದೆ, ಅಲ್ವಾ?

ಬೆಲೆ ಏರಿದ್ದು ನಿಜ. ಆದರೆ ಡೆಲ್ಟಾದಲ್ಲಿ ಹೊಲ ಒಬ್ಬರದು, ಬೇಸಾಯ ಇನ್ನೊಬ್ಬರದು. ದೊಡ್ಡ ಜಮೀನುದಾರರ ಕೈಕೆಳಗೆ ಪಾಲಿಗೆ ಉಳುವ ಕುಟುಂಬಗಳು ಸಾವಿರಾರು. ಹೆಚ್ಚಿನವರು ಕಪ್ಪು ಜನ, ಗುಲಾಮರಾಗಿದ್ದವರ ಮಕ್ಕಳು ಮೊಮ್ಮಕ್ಕಳು. ಬೀಜ, ದಿನಸಿ, ಹೇಸರಗತ್ತೆ ಎಲ್ಲವೂ ಒಡೆಯನ ಅಂಗಡಿಯಿಂದ ಸಾಲ. ಸುಗ್ಗಿ ಮುಗಿದ ಮೇಲೆ ಲೆಕ್ಕ ಹಾಕಿದರೆ ಕೈಯಲ್ಲಿ ಉಳಿಯುವುದು ಏನೂ ಇಲ್ಲ. ಭೂಮಿ ಖಾಲಿ ಬಿಟ್ಟದ್ದಕ್ಕೆ ಸರ್ಕಾರ ಕೊಟ್ಟ ಚೆಕ್ ಒಡೆಯನ ಹೆಸರಿಗೆ ಬಂತು. 1934-35ರ ಒಪ್ಪಂದದ ಪ್ರಕಾರ ಪಾಲಿಗೆ ಉಳುವವನಿಗೆ ಸಲ್ಲಬೇಕಾಗಿದ್ದು ಒಂಬತ್ತರಲ್ಲಿ ಒಂದು ಪಾಲು ಮಾತ್ರ. ಅದೂ ಒಡೆಯನ ಕೈ ದಾಟಿ ಬಂದರೆ.

ಇದಕ್ಕಿಂತ ದೊಡ್ಡ ಪೆಟ್ಟು ಬೇರೆ ಇತ್ತು. ಪಾಲಿಗೆ ಉಳುವವನಿಗೆ ಸಹಾಯಧನದಲ್ಲಿ ಪಾಲು ಕೊಡಬೇಕು. ದಿನಗೂಲಿಯವನಿಗೆ ಕೊಡಬೇಕಾಗಿಲ್ಲ. ಒಡೆಯರಿಗೆ ಈ ಲೆಕ್ಕ ಬೇಗ ಹೊಳೆಯಿತು. ಪಾಲುಗಾರನನ್ನು ಬಿಡಿಸಿ, ಅವನನ್ನೇ ಮತ್ತೆ ಕೂಲಿಗೆ ಕರೆದರೆ ಇಡೀ ಚೆಕ್ ತಮ್ಮದೇ. ಭೂಮಿ ಕಡಿಮೆ ಉಳುತ್ತಿದ್ದರಿಂದ ಆಳುಗಳೂ ಕಡಿಮೆ ಸಾಕು. ಹೀಗೆ ರೈತರನ್ನು ಉಳಿಸಲೆಂದು ತಂದ ಯೋಜನೆಯೇ ಲಕ್ಷಾಂತರ ಉಳುವವರನ್ನು ಹೊಲದಿಂದ ಹೊರಗೆ ಹಾಕಿತು. 1934ರ ಜುಲೈನಲ್ಲಿ ಪಕ್ಕದ ಅರ್ಕನ್ಸಾದ ಟೈರಾನ್ಜಾ ಎಂಬ ಊರಿನಲ್ಲಿ ಕಪ್ಪು ಬಿಳಿಯ ಗೇಣಿದಾರರು ಒಟ್ಟಾಗಿ ಒಂದು ಸಂಘ ಕಟ್ಟಿದರು. 1935ರ ಆರಂಭದಲ್ಲಿ ಕೃಷಿ ಇಲಾಖೆಯ ಕೆಲವು ವಕೀಲರು, ದುಡ್ಡು ಪಡೆದ ಒಡೆಯರು ತಮ್ಮ ಗೇಣಿದಾರರನ್ನು ಬಿಡಿಸುವಂತಿಲ್ಲ ಎಂದು ನಿಯಮ ಮಾಡಲು ಹೊರಟರು. ಕೆಲಸ ಕಳೆದುಕೊಂಡವರು ಆ ವಕೀಲರೇ. ಆ ಯೋಜನೆಯ ಹಣಕಾಸು ನೋಡಿಕೊಳ್ಳುತ್ತಿದ್ದವರು ಆಸ್ಕರ್ ಜಾನ್‌ಸ್ಟನ್. ಸನ್‌ಫ್ಲವರ್‌ನ ಪಕ್ಕದ ಬೊಲಿವರ್ ಕೌಂಟಿಯಲ್ಲಿದ್ದ ಬಹುದೊಡ್ಡ ಹತ್ತಿ ಕಂಪನಿಯ ಅಧ್ಯಕ್ಷರೂ ಅವರೇ ಆಗಿದ್ದರು.

ಬಂದ ದುಡ್ಡು ಯಂತ್ರಕ್ಕೆ ಹೋಯಿತು. ಮೊದಲು ಟ್ರ್ಯಾಕ್ಟರ್. ಆಮೇಲೆ 1944ರ ಅಕ್ಟೋಬರಿನಲ್ಲಿ ಹತ್ತಿರದ ಕ್ಲಾರ್ಕ್ಸ್‌ಡೇಲ್‌ನ ಒಂದು ತೋಟದಲ್ಲಿ ಹತ್ತಿ ಬಿಡಿಸುವ ಯಂತ್ರವನ್ನು ಜನರ ಮುಂದೆ ಓಡಿಸಿ ತೋರಿಸಿದರು. ಒಂದು ಯಂತ್ರ ಸುಮಾರು ಐವತ್ತು ಜನರ ಕೆಲಸ ಮಾಡಿತು. ಕಳೆ ಕೊಲ್ಲುವ ಔಷಧಿ ಬಂದ ಮೇಲೆ ಕಳೆ ತೆಗೆಯುವ ಕೂಲಿಯೂ ಹೋಯಿತು. ಜನ ರೈಲು ಹತ್ತಿ ಶಿಕಾಗೋ ಕಡೆ ಹೊರಟರು.

ಒಂದೇ ಕೌಂಟಿಯ ಇಬ್ಬರು

1960ರ ದಶಕದ ಸನ್‌ಫ್ಲವರ್ ಕೌಂಟಿಯ ಇಬ್ಬರನ್ನು ಅಕ್ಕಪಕ್ಕ ನಿಲ್ಲಿಸಿ ನೋಡಬೇಕು. ಈ ವಿಷಯ ನನ್ನ ಮನಸ್ಸಿಗೆ ನಾಟಿದ್ದು ಹಾಗೆ.

ಒಬ್ಬರು ಜೇಮ್ಸ್ ಈಸ್ಟ್‌ಲ್ಯಾಂಡ್. ಡಾಡ್ಸ್‌ವಿಲ್‌ನಲ್ಲಿ ಐದು ಸಾವಿರಕ್ಕೂ ಹೆಚ್ಚು ಎಕರೆಯ ಹತ್ತಿ ತೋಟ. ಅಮೆರಿಕದ ಸೆನೆಟ್‌ನಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಕೂತವರು. ಕಪ್ಪು ಜನರ ನಾಗರಿಕ ಹಕ್ಕುಗಳನ್ನು ಕೊನೆಯವರೆಗೂ ವಿರೋಧಿಸಿದವರು. ಸೆನೆಟ್‌ನ ಕೃಷಿ ಸಮಿತಿಯಲ್ಲೂ ಇದ್ದರು. 1960ರ ದಶಕದ ಕೊನೆಯಲ್ಲಿ ಅವರ ತೋಟಕ್ಕೆ ವರ್ಷಕ್ಕೆ ಲಕ್ಷ ಡಾಲರಿಗೂ ಹೆಚ್ಚು ಹತ್ತಿ ಸಹಾಯಧನ ಬರುತ್ತಿತ್ತು.

ಇನ್ನೊಬ್ಬರು ಫ್ಯಾನಿ ಲೂ ಹೇಮರ್. ಇಪ್ಪತ್ತು ಮಕ್ಕಳಲ್ಲಿ ಕೊನೆಯವರು. ಆರು ವರ್ಷಕ್ಕೇ ಹತ್ತಿ ಬಿಡಿಸಲು ಇಳಿದವರು. ಇದೇ ಕೌಂಟಿಯ ರೂಲ್‌ವಿಲ್ ಹತ್ತಿರದ ತೋಟವೊಂದರಲ್ಲಿ ಗಂಡನ ಜೊತೆ ಪಾಲಿಗೆ ದುಡಿಯುತ್ತಿದ್ದರು. 1962ರ ಆಗಸ್ಟ್ 31ರಂದು ಮತದಾರರ ಪಟ್ಟಿಗೆ ಹೆಸರು ಸೇರಿಸಲು ಇಂಡಿಯನೋಲಾಕ್ಕೆ ಹೋದರು. ಅಷ್ಟಕ್ಕೇ ಹದಿನೆಂಟು ವರ್ಷ ದುಡಿದ ತೋಟದಿಂದ ಅವರನ್ನು ಹೊರಗೆ ಹಾಕಿದರು.

ಹೇಮರ್ ಅವರಿಗೆ ಒಂದು ವಿಷಯ ಚೆನ್ನಾಗಿ ಅರ್ಥವಾಗಿತ್ತು. ವೋಟು ಸಿಕ್ಕರೂ ಭೂಮಿ ಇಲ್ಲದಿದ್ದರೆ ಒಡೆಯನ ಮಾತಿಗೆ ತಲೆಬಾಗಲೇಬೇಕು. 1969ರಲ್ಲಿ ಅವರು ಫ್ರೀಡಂ ಫಾರ್ಮ್ ಎಂಬ ಸಹಕಾರಿ ಕಟ್ಟಿದರು. ಮೊದಲು 40 ಎಕರೆ, ಆಮೇಲೆ ಇನ್ನೂ ಆರುನೂರಕ್ಕೂ ಹೆಚ್ಚು ಎಕರೆ. ತರಕಾರಿ ಬೆಳೆದು ಹಸಿದ ಮನೆಗಳಿಗೆ ಕೊಟ್ಟರು. ಒಂದು ಹಂದಿ ಬ್ಯಾಂಕ್ ಮಾಡಿದರು. ಗಬ್ಬದ ಹಂದಿಯನ್ನು ಕುಟುಂಬಕ್ಕೆ ಕೊಡುವುದು, ಮರಿ ಹಾಕಿದ ಮೇಲೆ ಕೆಲವು ಮರಿಗಳನ್ನು ಬ್ಯಾಂಕಿಗೆ ವಾಪಸ್ ಕೊಡುವುದು, ಅವು ಬೇರೆ ಮನೆಗೆ ಹೋಗುವುದು. ನಡೆದದ್ದೆಲ್ಲ ದಾನಿಗಳ ದುಡ್ಡಿನಲ್ಲಿ. ಸಾಲ ಏರಿತು, ಮಳೆ ಕೈಕೊಟ್ಟಿತು, ಹೇಮರ್ ಅವರ ಆರೋಗ್ಯವೂ ಕೆಟ್ಟಿತು. 1970ರ ದಶಕದ ನಡುವೆ ಭೂಮಿ ಕೈಬಿಟ್ಟು ಹೋಯಿತು. 1977ರಲ್ಲಿ ಅವರು ತೀರಿಕೊಂಡರು.

ಫ್ರೀಡಂ ಫಾರ್ಮ್ ಸೋತಿತು ಎಂದು ಹೇಳುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಒಂದು ಕಡೆ ಮೂವತ್ತು ಮೂವತ್ತೈದು ವರ್ಷ ಸರ್ಕಾರ ಕೈಹಿಡಿದು ನಡೆಸಿದ ತೋಟಗಳು. ಇನ್ನೊಂದು ಕಡೆ ಚಂದಾ ಎತ್ತಿ ಕೊಂಡ ನಲವತ್ತು ಎಕರೆ. ಇವೆರಡನ್ನು ಒಂದೇ ತಕ್ಕಡಿಗೆ ಹಾಕುವುದು ನ್ಯಾಯವಲ್ಲ.

ಒಬ್ಬೊಬ್ಬರಿಗೆ ಇಷ್ಟೇ ಎಂಬ ಮಿತಿ ಬಂದದ್ದು 1970ರ ಕಾಯಿದೆಯಲ್ಲಿ, ಒಂದು ಬೆಳೆಗೆ 55 ಸಾವಿರ ಡಾಲರ್. ಮಿತಿ ಬಂದ ಕೂಡಲೇ ಅದನ್ನು ದಾಟುವ ದಾರಿಯೂ ಬಂತು. ಒಂದೇ ತೋಟವನ್ನು ಕಾಗದದ ಮೇಲೆ ಹಲವು ಕಂಪನಿ, ಹಲವು ಟ್ರಸ್ಟ್, ಹಲವು ಪಾಲುದಾರಿಕೆಯಾಗಿ ಕವಲೊಡೆಸಿ, ಪ್ರತಿ ಕವಲಿಗೂ ಒಂದೊಂದು ಚೆಕ್ ಪಡೆಯುವುದು. ಇದನ್ನು ಅಲ್ಲಿನವರು ಮಿಸಿಸಿಪ್ಪಿ ಕ್ರಿಸ್‌ಮಸ್ ಮರ ಎಂದೇ ಕರೆದರು. 1987ರಲ್ಲಿ ಸಂಸತ್ತು, ಒಬ್ಬರು ಮೂರಕ್ಕಿಂತ ಹೆಚ್ಚು ಕವಲಿನಿಂದ ಪಡೆಯುವಂತಿಲ್ಲ ಎಂದು ನಿಯಮ ತಂದಿತು. ಪಾಲುದಾರಿಕೆಯ ದಾರಿ ಹಾಗೇ ಉಳಿಯಿತು. ಪಾಲುದಾರರು ಎಷ್ಟು ಜನರೋ ಅಷ್ಟು ಮಿತಿ. 2018ರ ಕಾಯಿದೆಯಲ್ಲಿ ಚಿಕ್ಕಪ್ಪ ದೊಡ್ಡಪ್ಪನ ಮಕ್ಕಳು, ಸೋದರಳಿಯ, ಸೋದರ ಸೊಸೆಯರನ್ನೂ ಕುಟುಂಬದ ಲೆಕ್ಕಕ್ಕೆ ಸೇರಿಸಿದರು.

ದುಡ್ಡು ಯಾರು ಹಂಚುತ್ತಿದ್ದರು ಎನ್ನುವುದೂ ಮುಖ್ಯ. ಪ್ರತಿ ಕೌಂಟಿಯಲ್ಲೂ ಕೃಷಿ ಇಲಾಖೆಯ ಕಚೇರಿ, ಅದರ ಜೊತೆಗೆ ಸ್ಥಳೀಯ ರೈತರು ಆರಿಸಿದ ಸಮಿತಿ. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ದಕ್ಷಿಣದ ರಾಜ್ಯಗಳಲ್ಲಿ ಆ ಸಮಿತಿಗಳು ದಶಕಗಟ್ಟಲೆ ಬಿಳಿಯ ಜಮೀನುದಾರರ ಕೈಯಲ್ಲೇ ಇದ್ದವು. ಯಾರ ಹತ್ತಿಗೆ ಎಷ್ಟು ಎಕರೆ, ಯಾರಿಗೆ ಎಷ್ಟು ಸಾಲ ಎಂಬುದನ್ನು ತೀರ್ಮಾನಿಸುವವರು ಅವರೇ. 1920ರಲ್ಲಿ ಅಮೆರಿಕದಲ್ಲಿ ಒಂಬತ್ತು ಲಕ್ಷಕ್ಕೂ ಹೆಚ್ಚು ಕಪ್ಪು ರೈತರಿದ್ದರು. ಈಗ 50 ಸಾವಿರವೂ ಇಲ್ಲ. ಕೃಷಿ ಇಲಾಖೆ ತಾರತಮ್ಯ ಮಾಡಿದೆ ಎಂದು ಪಿಗ್‌ಫರ್ಡ್ ಎಂಬ ಹೆಸರಿನ ಮೊಕದ್ದಮೆ ನಡೆಯಿತು. 1999ರಲ್ಲಿ ರಾಜಿ ಒಪ್ಪಂದವಾಯಿತು, 2010ರಲ್ಲಿ ಇನ್ನೂ 125 ಕೋಟಿ ಡಾಲರ್ ಒಪ್ಪಿಕೊಂಡರು. 2024ರಲ್ಲಿ ಮತ್ತೆ, ಇಲಾಖೆಯ ಸಾಲದಲ್ಲಿ ತಾರತಮ್ಯ ಅನುಭವಿಸಿದ ಸುಮಾರು 43 ಸಾವಿರ ಜನರಿಗೆ 200 ಕೋಟಿ ಡಾಲರ್ ಹಂಚಲಾಯಿತು. ಅಷ್ಟು ಹೊತ್ತಿಗೆ ಎಷ್ಟೋ ಮನೆಗಳ ಭೂಮಿ ಹರಾಜಾಗಿ ಎರಡು ತಲೆಮಾರು ಕಳೆದಿತ್ತು.

ಈಗ ದುಡ್ಡು ಹೇಗೆ ಬರುತ್ತದೆ

ಈಗಿನ ಪದ್ಧತಿ ಅರ್ಥವಾಗಬೇಕಾದರೆ ಎರಡು ಪದ ತಿಳಿದಿರಬೇಕು: ಬೇಸ್ ಎಕರೆ ಮತ್ತು ರೆಫರೆನ್ಸ್ ದರ.

ಬೇಸ್ ಎಕರೆ ಅಂದರೆ ಆ ಹೊಲದಲ್ಲಿ ಹಿಂದೆ ಯಾವ ಬೆಳೆ ಎಷ್ಟು ಎಕರೆ ಇತ್ತು ಎಂಬ ಹಳೆಯ ದಾಖಲೆ. ಅದು ಹೊಲಕ್ಕೆ ಅಂಟಿಕೊಂಡಿರುತ್ತದೆ. ಹೊಲ ಮಾರಿದರೆ ಅದೂ ಜೊತೆಗೆ ಹೋಗುತ್ತದೆ. ರೆಫರೆನ್ಸ್ ದರ ಸಂಸತ್ತು ಕಾಯಿದೆಯಲ್ಲೇ ಬರೆದಿಟ್ಟ ಬೆಲೆ. ದೇಶದ ಸರಾಸರಿ ಮಾರುಕಟ್ಟೆ ಬೆಲೆ ಅದಕ್ಕಿಂತ ಕೆಳಗಿಳಿದರೆ ವ್ಯತ್ಯಾಸವನ್ನು ಸರ್ಕಾರ ಕಟ್ಟಿಕೊಡುತ್ತದೆ. ಬೇಸ್ ಎಕರೆಯಲ್ಲಿ ಶೇಕಡಾ 85 ಭಾಗಕ್ಕೆ ಮಾತ್ರ.

ಒಂದು ಉದಾಹರಣೆ ಹಾಕೋಣ. 2025ರ ಜುಲೈನಲ್ಲಿ ಸಹಿಯಾದ ಕಾಯಿದೆ ಬೀಜ ಬಿಡಿಸದ ಹತ್ತಿಯ ರೆಫರೆನ್ಸ್ ದರವನ್ನು ಪೌಂಡಿಗೆ 36.7 ಸೆಂಟಿನಿಂದ 42 ಸೆಂಟಿಗೆ ಏರಿಸಿತು. ಮಾರುಕಟ್ಟೆಯಲ್ಲಿ 35 ಸೆಂಟ್ ಸಿಕ್ಕಿತು ಎಂದುಕೊಳ್ಳಿ. ವ್ಯತ್ಯಾಸ 7 ಸೆಂಟ್. ಹೊಲದ ದಾಖಲೆಯಲ್ಲಿರುವ ಇಳುವರಿ ಎಕರೆಗೆ 2,000 ಪೌಂಡ್ ಎಂದಾದರೆ 140 ಡಾಲರ್. ಅದರ ಶೇಕಡಾ 85 ಅಂದರೆ 119 ಡಾಲರ್. ಸಾವಿರ ಬೇಸ್ ಎಕರೆ ಇದ್ದವರಿಗೆ 1 ಲಕ್ಷ 19 ಸಾವಿರ ಡಾಲರ್. ಒಬ್ಬರಿಗೆ ಇದ್ದ ಮಿತಿ 1 ಲಕ್ಷ 25 ಸಾವಿರ ಡಾಲರ್, ಹೊಸ ಕಾಯಿದೆ ಅದನ್ನು 1 ಲಕ್ಷ 55 ಸಾವಿರಕ್ಕೆ ಏರಿಸಿದೆ. ಈ ದುಡ್ಡು ಬರಬೇಕಾದರೆ ಈ ವರ್ಷ ಅಲ್ಲಿ ಹತ್ತಿ ಹಾಕಿರಬೇಕೆಂದೇನೂ ಇಲ್ಲ. ಸೋಯಾ ಬೆಳೆದಿದ್ದರೂ ಹತ್ತಿಯ ದುಡ್ಡು ಬರುತ್ತದೆ. ಹೊಲಕ್ಕೆ ಹಳೆಯ ಹತ್ತಿಯ ನೆನಪಿದ್ದರೆ ಸಾಕು.

ಗುತ್ತಿಗೆಗೆ ಮಾಡುವವನ ಕಥೆ ಏನು? ನಗದು ಗುತ್ತಿಗೆಯಾದರೆ ಕಾನೂನಿನ ಪ್ರಕಾರ ಚೆಕ್ ಬೇಸಾಯಗಾರನಿಗೇ ಬರಬೇಕು. ಬರುತ್ತದೆ ಕೂಡ. ಆದರೆ ಆ ಹೊಲಕ್ಕೆ ಎಷ್ಟು ಬೇಸ್ ಇದೆ ಎಂದು ಒಡೆಯನಿಗೆ ಗೊತ್ತು. ಮುಂದಿನ ವರ್ಷ ಗುತ್ತಿಗೆ ಏರುತ್ತದೆ. ಒಲ್ಲೆ ಎಂದರೆ ಪಕ್ಕದವನು ಕಾದು ಕೂತಿರುತ್ತಾನೆ. ಅಮೆರಿಕದ ಕೃಷಿಭೂಮಿಯಲ್ಲಿ ಸುಮಾರು ಶೇಕಡಾ 40ರಷ್ಟು ಗುತ್ತಿಗೆಯಲ್ಲಿದೆ. ಅದರಲ್ಲಿ ಬಹುಪಾಲು ತಾವು ಉಳದವರದು. ಎಷ್ಟೋ ಜನ ಪಟ್ಟಣದಲ್ಲೋ ಬೇರೆ ರಾಜ್ಯದಲ್ಲೋ ಇರುವವರು. ಹೀಗೆ ಕೌಂಟಿಯ ಹೆಸರಿನಲ್ಲಿ ಬಂದ ದುಡ್ಡಿನ ಒಂದು ಪಾಲು ಕೌಂಟಿಯಲ್ಲಿ ನಿಲ್ಲುವುದೇ ಇಲ್ಲ.

ಇನ್ನು ಹೊಲದ ಆಳುಗಳು. ಅವರಿಗೆ ಈ ಯಾವ ಯೋಜನೆಯಲ್ಲೂ ಜಾಗವಿಲ್ಲ. 2021ರಲ್ಲಿ ಇದೇ ಇಂಡಿಯನೋಲಾ ಸುತ್ತಿನ ಕಪ್ಪು ಕೃಷಿ ಕಾರ್ಮಿಕರು ಒಂದು ತೋಟದ ಮೇಲೆ ಮೊಕದ್ದಮೆ ಹಾಕಿದರು. ದಕ್ಷಿಣ ಆಫ್ರಿಕಾದಿಂದ ವೀಸಾ ಮೇಲೆ ಕರೆಸಿದ ಬಿಳಿಯ ಕೆಲಸಗಾರರಿಗೆ ತಮಗಿಂತ ಹೆಚ್ಚು ಕೂಲಿ ಕೊಟ್ಟು, ತಮ್ಮ ಕೆಲಸ ಕಿತ್ತುಕೊಂಡರು ಎಂಬುದು ಅವರ ದೂರು. ಅದು ರಾಜಿಯಲ್ಲಿ ಮುಗಿಯಿತು.

ಬೆಳೆ ವಿಮೆಯ ಮಾತೂ ಇದೆ. ಅದರ ಕಂತಿನಲ್ಲಿ ಸರಾಸರಿ ಶೇಕಡಾ 60ರಷ್ಟನ್ನು ಸರ್ಕಾರವೇ ಕಟ್ಟುತ್ತದೆ, ಒಬ್ಬರಿಗೆ ಇಷ್ಟೇ ಎಂಬ ಮಿತಿ ಅಲ್ಲಿಲ್ಲ. ಎಕರೆ ಜಾಸ್ತಿ ಇದ್ದಷ್ಟೂ ಸಹಾಯ ಜಾಸ್ತಿ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಹೇಳಲೇಬೇಕು. ಅಲ್ಲಿನ ರೈತರ ಕಷ್ಟ ಸುಳ್ಳಲ್ಲ. 2018ರಲ್ಲಿ ಅಮೆರಿಕ ಸುಂಕ ಹಾಕಿದಾಗ ಚೀನಾ ತಿರುಗಿ ಸೋಯಾ ಮೇಲೆ ಶೇಕಡಾ 25 ಸುಂಕ ಹಾಕಿತು. 2025ರಲ್ಲಿ ಮತ್ತೆ ತಿಂಗಳುಗಟ್ಟಲೆ ಅಮೆರಿಕದ ಸೋಯಾ ಕೊಳ್ಳುವುದನ್ನೇ ನಿಲ್ಲಿಸಿತು. ಗೊಬ್ಬರ, ಬೀಜ, ಯಂತ್ರದ ಬೆಲೆ ಏರಿತು. ಡೆಲ್ಟಾದ ರೈತ ಸಾಲ ಮಾಡಿ ಬಿತ್ತಿದವನೇ. ಈ ಗಾಯ ಮಾಡಿದ್ದು ಸರ್ಕಾರದ ವ್ಯಾಪಾರ ನೀತಿ. ಹಾಗಾಗಿ ಮುಲಾಮು ಹಚ್ಚುವ ಹೊಣೆಯೂ ಸರ್ಕಾರದ್ದೇ. 2018 ಮತ್ತು 2019ರ ಬೆಳೆಗಳಿಗೆ ಸುಮಾರು 2,300 ಕೋಟಿ ಡಾಲರ್ ಕೊಟ್ಟರು. 2019ರಲ್ಲಿ ಪ್ರತಿ ಕೌಂಟಿಗೆ ಬೇರೆ ಬೇರೆ ದರ, ಎಕರೆಗೆ 15ರಿಂದ 150 ಡಾಲರ್‌ವರೆಗೆ. 2025ರ ಡಿಸೆಂಬರಿನಲ್ಲಿ ಮತ್ತೆ 1,200 ಕೋಟಿ ಡಾಲರ್ ಘೋಷಿಸಿದರು. ಹತ್ತಿಗೆ ಎಕರೆಗೆ ಸುಮಾರು 117 ಡಾಲರ್, ಸೋಯಾಕ್ಕೆ ಸುಮಾರು 31. ಅಲ್ಲೂ ಹಂಚಿಕೆ ಎಕರೆ ಲೆಕ್ಕದಲ್ಲೇ.

ನಮ್ಮ ಹತ್ತಿಗೂ ಇದಕ್ಕೂ ಏನು ಸಂಬಂಧ

ಸಂಬಂಧ ಇದೆ. ಅಮೆರಿಕ ಹತ್ತಿಯನ್ನು ರಫ್ತು ಮಾಡುವ ದೊಡ್ಡ ದೇಶ. ಅಲ್ಲಿನ ಸಹಾಯಧನದಿಂದ ಜಗತ್ತಿನ ಬೆಲೆ ಬೀಳುತ್ತಿದೆ ಎಂದು ಬ್ರೆಜಿಲ್ 2002ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟು ಗೆದ್ದಿತು. ಕೊನೆಗೆ 2014ರಲ್ಲಿ ಅಮೆರಿಕ ಬ್ರೆಜಿಲ್‌ಗೆ 30 ಕೋಟಿ ಡಾಲರ್ ಕೊಟ್ಟು ವ್ಯಾಜ್ಯ ಮುಗಿಸಿಕೊಂಡಿತು. ಆ ವರ್ಷದ ಕಾಯಿದೆಯಲ್ಲಿ ಹತ್ತಿಯನ್ನು ರೆಫರೆನ್ಸ್ ದರ ಸಿಗುವ ಬೆಳೆಗಳ ಪಟ್ಟಿಯಿಂದ ತೆಗೆದರು. ನಾಲ್ಕೇ ವರ್ಷ. 2018ರಲ್ಲಿ ಬೀಜ ಬಿಡಿಸದ ಹತ್ತಿ ಎಂಬ ಹೆಸರಿನಲ್ಲಿ ಅದೇ ಹತ್ತಿ ವಾಪಸ್ ಬಂತು.

2025ರ ಆಗಸ್ಟ್‌ನಲ್ಲಿ ಭಾರತ ಹತ್ತಿಯ ಮೇಲಿದ್ದ ಶೇಕಡಾ 11 ಆಮದು ಸುಂಕವನ್ನು ಡಿಸೆಂಬರ್ ಕೊನೆಯವರೆಗೆ ತೆಗೆದುಹಾಕಿತು. ನಮ್ಮ ರಾಯಚೂರು, ಹಾವೇರಿ, ಧಾರವಾಡದ ಕಡೆ ಹತ್ತಿ ಬಿಡಿಸಿ ಮಾರುಕಟ್ಟೆಗೆ ತರುವ ಕಾಲ ಅದು. ಇಲ್ಲಿ ಒಂದು ಲೆಕ್ಕ ಹಾಕಿ ನೋಡಿದೆ. ಪೌಂಡಿಗೆ 42 ಸೆಂಟ್ ಅಂದರೆ ಕ್ವಿಂಟಲಿಗೆ 92 ಡಾಲರಿಗೂ ಸ್ವಲ್ಪ ಜಾಸ್ತಿ. ಡಾಲರಿಗೆ 88 ರೂಪಾಯಿ ಎಂದು ಹಿಡಿದರೆ ಸುಮಾರು 8,150 ರೂಪಾಯಿ. 2025-26ಕ್ಕೆ ನಮ್ಮ ಉದ್ದ ಎಳೆಯ ಹತ್ತಿಯ ಬೆಂಬಲ ಬೆಲೆ 8,110 ರೂಪಾಯಿ. ಹೆಚ್ಚುಕಡಿಮೆ ಒಂದೇ! ಆದರೆ ರಾಯಚೂರಿನವನು ಆ ಬೆಲೆ ಪಡೆಯಲು ಖರೀದಿ ಕೇಂದ್ರದ ಮುಂದೆ ಗಾಡಿ ನಿಲ್ಲಿಸಿ ಕಾಯಬೇಕು, ತೇವ ಜಾಸ್ತಿ ಇಲ್ಲ ಎಂದು ತೋರಿಸಬೇಕು. ಡೆಲ್ಟಾದವನಿಗೆ ಬೆಲೆಯ ವ್ಯತ್ಯಾಸ ಬ್ಯಾಂಕ್ ಖಾತೆಗೆ ಬರುತ್ತದೆ. 2022ರ ಗಣತಿಯಲ್ಲಿ ಅಮೆರಿಕದ ಒಂದು ಫಾರ್ಮ್‌ನ ಸರಾಸರಿ ಅಳತೆ 463 ಎಕರೆ. ಕರ್ನಾಟಕದಲ್ಲಿ ಒಂದು ಹಿಡುವಳಿ ಸರಾಸರಿ ಮೂರೂವರೆ ಎಕರೆಯೂ ಇಲ್ಲ.

ಅದಕ್ಕಿಂತ ನನಗೆ ಹತ್ತಿರದ ಸಂಬಂಧ ಇನ್ನೊಂದು. ಉಳುವವನೇ ಹೊಲದೊಡೆಯ ಎಂದು 1974ರಲ್ಲಿ ದೇವರಾಜ ಅರಸರ ಸರ್ಕಾರ ಗೇಣಿ ಪದ್ಧತಿ ರದ್ದು ಮಾಡಿತು. ಲಕ್ಷಾಂತರ ಗೇಣಿದಾರರು ಒಡೆಯರಾದರು. ಸನ್‌ಫ್ಲವರ್ ಕೌಂಟಿಯ ಪಾಲುಗಾರರಿಗೆ ಎಂದೂ ಸಿಗದ ಭಾಗ್ಯ ಅದು. ಆದರೆ ಐವತ್ತು ವರ್ಷದ ಮೇಲೆ ಗೇಣಿ ಬೇರೆ ರೂಪದಲ್ಲಿ ಇದ್ದೇ ಇದೆ. ಮಕ್ಕಳು ಬೆಂಗಳೂರು ಸೇರಿದ ಮನೆಯ ಹೊಲವನ್ನು ಊರಿನವನೊಬ್ಬ ಕೋರಿಗೋ ಲಾವಣಿಗೋ ಮಾಡುತ್ತಾನೆ. ಕಾನೂನಿನಲ್ಲಿ ಗೇಣಿಗೆ ಜಾಗವಿಲ್ಲದ್ದರಿಂದ ಎಲ್ಲ ಬಾಯಿಮಾತು. ಪಹಣಿ ಇವನ ಹೆಸರಲ್ಲಿಲ್ಲ. ವರ್ಷಕ್ಕೆ 6,000 ರೂಪಾಯಿಯ ಕಿಸಾನ್ ಸಮ್ಮಾನ್ ಪಹಣಿ ಇದ್ದವರ ಖಾತೆಗೆ ಹೋಗುತ್ತದೆ. ಬೆಳೆ ಹಾಳಾದರೆ ಪರಿಹಾರವೂ ಹಾಗೆಯೇ. ಬೀಜದ ಸಾಲ ಮಾಡಿದವನು, ಬೆಳೆ ಕಳೆದುಕೊಂಡವನು ಸುಮ್ನೆ ನೋಡುತ್ತಾ ನಿಲ್ಲಬೇಕು. ಒಡೆಯ ಒಳ್ಳೆಯವನಾದರೆ ಸ್ವಲ್ಪ ಕೊಟ್ಟಾನು.

ಸನ್‌ಫ್ಲವರ್ ಕೌಂಟಿಯಲ್ಲಿ ಈಗ ಮತ್ತೊಂದು ಹಂಚಿಕೆ ಬರುತ್ತಿದೆ. 2025ರ ಕಾಯಿದೆ ದೇಶಕ್ಕೆಲ್ಲ ಸೇರಿ 3 ಕೋಟಿ ಎಕರೆವರೆಗೆ ಹೊಸ ಬೇಸ್ ಎಕರೆ ಕೊಡಲು ಒಪ್ಪಿದೆ. 2019ರಿಂದ 2023ರವರೆಗೆ ಹೊಲದಲ್ಲಿ ಏನು ಬಿತ್ತಿದ್ದರು ಎಂಬುದರ ಮೇಲೆ ಲೆಕ್ಕ. ಆ ಐದು ವರ್ಷ ಬಿತ್ತಿದವರು ಎಷ್ಟೋ ಕಡೆ ಗುತ್ತಿಗೆಯವರು. ಅವರು ಬಿತ್ತಿದ್ದರಿಂದ ಹುಟ್ಟುವ ಬೇಸ್ ಹೊಲಕ್ಕೆ ಸೇರುತ್ತದೆ, ಬೇಡ ಎನ್ನುವ ಹಕ್ಕೂ ಹೊಲದ ಒಡೆಯರಿಗೇ. ಗುತ್ತಿಗೆ ಮುಗಿದು ಬಿತ್ತಿದವನು ಎದ್ದು ಹೋದ ಮೇಲೂ ಅದು ಅಲ್ಲೇ ಇರುತ್ತದೆ.